ಬೇಡ ಮತ್ತು ಬ್ಯಾಡ

ಒಂದು ಹಲ್ಲು ಕೀಳಿಸಿದ ಮೇಲೆ ನನ್ನ ಅಕ್ಕನ ಬಾಯಿ ಮುಚ್ಚಿಕೊಂಡಿತು. ಅವಳು ಔರಾದಿನಲ್ಲಿ ಮಗ ಸೊಸೆಯೊಂದಿಗೆ ಇರುತ್ತಾಳೆ. ಬಲಗಡೆಯ ಕೊನೆಯ ಹಲ್ಲು ಹುಳುಕಾಗಿ ನೋಯುತ್ತಿತ್ತೆಂದು ಬೀದರಿಗೆ ಕರೆತಂದು ತೆಗೆಸಿದೆವು. ಹಲ್ಲೇನೋ ಸಲೀಸಾಗಿ ಬಂತು. ಆದರೆ ಮರುದಿನದಿಂದ ದವಡೆ ಬಿಗಿಯತೊಡಗಿತು. ಸೂಜಿ ಚುಚ್ಚಿದ ಕಡೆ ಸ್ನಾಯು ಸೆಟೆದಿದೆ, ತಾನಾಗಿಯೇ ಸಡಿಲವಾಗುತ್ತದೆ ಎಂದು ಹಲ್ಲಿನ ಡಾಕ್ಟರರು ಹೇಳಿದರು. ಸಡಿಲವಾಗಲಿಲ್ಲ. ಮುಂಗಾರಿನ ಮೊದಲಲ್ಲಿ ಹಿಡಿದುಕೊಂಡ ದವಡೆ ಹಿಂಗಾರಿ ಜೋಳ ಬಿತ್ತುವ ಹೊತ್ತಿಗೂ ಹಾಗೆಯೇ ಇತ್ತು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಉಳಿದದ್ದು ನನ್ನ ಕಿರುಬೆರಳು ಹಿಡಿಸುವಷ್ಟು ಸಂದು. ಆ ಸಂದಿನಲ್ಲಿ ಅಂಬಲಿ ಹೋಗುತ್ತದೆ, ಬೇಳೆಯ ತಿಳಿ ಹೋಗುತ್ತದೆ, ರೊಟ್ಟಿ ಹೋಗುವುದಿಲ್ಲ. ಜೀವಮಾನವಿಡೀ ರೊಟ್ಟಿ ತಿಂದು ಬದುಕಿದ ದೇಹ ತಿಳಿಯ ಮೇಲೆ ನಿಲ್ಲದು. ಅವಳ ಬಳೆಗಳು ಮೊಣಕೈವರೆಗೆ ಜಾರತೊಡಗಿದ್ದವು.

ನಾನು ಪ್ರಕೃತಿ ಚಿಕಿತ್ಸೆ ಮಾಡುವವನು. ಪದವಿ ಇಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟವನು ಉಳಿದದ್ದನ್ನೆಲ್ಲ ಬೀದರಿನ ಗ್ರಂಥಾಲಯದ ಬೆಂಚಿನ ಮೇಲೆ ಮತ್ತು ರದ್ದಿ ಅಂಗಡಿಗಳಲ್ಲಿ ಕಲಿತೆ. ಓದಿದ್ದನ್ನು ಓದಿದ ಕಾರಣಕ್ಕೆ ನಂಬುವ ಸ್ವಭಾವ ನನಗೆ ಎಂದೂ ಬರಲಿಲ್ಲ. ಮೊದಲು ನನ್ನ ಮೈಮೇಲೆ ಮಾಡಿ ನೋಡುತ್ತಿದ್ದೆ. ಮಣ್ಣಿನ ಪಟ್ಟಿ, ಕಟಿಸ್ನಾನ, ಹಬೆ, ಉಪವಾಸ, ಎಣ್ಣೆ ತಿಕ್ಕುವುದು: ಇವಿಷ್ಟು ನನ್ನ ಸಾಮಗ್ರಿ. ನನ್ನ ಹೆಬ್ಬೆರಳುಗಳಿಗೆ ಕಸುವಿದೆಯೆಂದು ಬಂದವರು ಹೇಳುತ್ತಿದ್ದರು.

ಆ ಹೆಬ್ಬೆರಳುಗಳನ್ನು ಅಕ್ಕನ ದವಡೆಯ ಮೇಲೆ ಪ್ರಯೋಗಿಸಿದೆ. ಅವಳ ಕಣ್ಣಿಂದ ನೀರಿಳಿಯಿತು. ದವಡೆ ಮತ್ತಷ್ಟು ಬಿಗಿಯಿತು. ಹಬೆ ಕೊಟ್ಟೆ, ಬಿಸಿ ಬಟ್ಟೆ ಕಟ್ಟಿದೆ, ಹೊಟ್ಟೆಗೆ ಮಣ್ಣು ಹಾಕಿದೆ. ಕಲ್ಮಶ ಹೊರಗೆ ಹೋದರೆ ರೋಗ ಹೋಗುತ್ತದೆಂದು ಸಾವಿರಾರು ಜನಕ್ಕೆ ಹೇಳಿದ್ದ ಮಾತನ್ನು ಅವಳಿಗೂ ಹೇಳಿದೆ. ಹೇಳುತ್ತಿರುವಾಗಲೇ ಅದು ನನ್ನ ಕಿವಿಗೆ ಪೊಳ್ಳಾಗಿ ಕೇಳಿಸಿತು. ಎಂಟು ದಶಕ ಉಂಡು ದುಡಿದು ಈಗ ಉಣ್ಣಲಾಗದೆ ಕೂತವಳಲ್ಲಿ ಯಾವ ಕಲ್ಮಶ?

ಕಾರಣ ಹೇಳಲು ಎಲ್ಲರೂ ಬಂದರು. ನೆರೆಯವರು ದೃಷ್ಟಿ ಎಂದರು, ಅವಳ ಮಗ, ನನ್ನ ಅಳಿಯ, ವಾತ ಎಂದ. ಭಾಲ್ಕಿ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಬಂದ ಹಿರಿಯ ಸಂಬಂಧಿಕರದು ಮಾತ್ರ ಬೇರೆ ಮಾತು. ‘ನಿಮ್ಮವ್ವನ ಕೈಗುಣ ನಿನಗ ಬಂದದೋ ತಮ್ಮಾ. ಮನಸಿಟ್ಟು ಮುಟ್ಟು, ಬಾಯಿ ತಾನ ಬಿಡ್ತದ’ ಎಂದರು.

ನಮ್ಮವ್ವ ಸೂಲಗಿತ್ತಿಯಾಗಿದ್ದಳು. ಅವಳ ಕೈಗುಣದ ಕಥೆಯನ್ನು ನಮ್ಮ ಮಂದಿ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ: ದೊಡ್ಡ ಮನೆಯ ಹೆಣ್ಣುಮಗಳ ಹೊಟ್ಟೆಯಲ್ಲಿ ಕೂಸು ಅಡ್ಡವಾಗಿತ್ತು, ಅವ್ವ ಕೈಯಿಟ್ಟು ತಿರುಗಿಸಿದಳು, ತಾಯಿ ಕೂಸು ಎರಡೂ ಉಳಿದವು. ಕಥೆ ಅಲ್ಲಿಗೆ ಮುಗಿಯುತ್ತದೆ. ಆಚೆಗಿನದನ್ನು ಹೇಳಿದವಳು ಅಕ್ಕ, ಏಕೆಂದರೆ ಅವಳು ಆಗ ಅವ್ವನ ಜೊತೆಗೆ ಹೋಗುತ್ತಿದ್ದಳು. ನೋವಿನಿಂದ ಕಿರುಚುತ್ತಿದ್ದ ಬಸುರಿಯ ಕೋಣೆಯ ಹೊಸ್ತಿಲ ಹೊರಗೆ ನಿಂತು ಅವ್ವ ಮೊದಲು ‘ಮುಟ್ಟಲೇನ್ರಿ?’ ಎಂದು ಕೇಳಬೇಕಿತ್ತು. ಮನೆಯ ಹಿರಿಯಳು ‘ಹೂಂ’ ಎಂದ ಮೇಲೆ ಮುಟ್ಟಬೇಕಿತ್ತು. ಕೆಲಸ ಮುಗಿಸಿ ಎದ್ದು ಬಂದ ಮೇಲೆ ಅವಳು ಕುಳಿತಿದ್ದ ನೆಲಕ್ಕೆ ನೀರು ಚಿಮುಕಿಸುತ್ತಿದ್ದರು. ಕೈಗೆ ಅಷ್ಟು ಗುಣವಿದ್ದದ್ದು ನಿಜವಾದರೆ ಆ ನೀರು ಏತಕ್ಕೆ? ಈ ಪ್ರಶ್ನೆಗೆ ಉತ್ತರ ಕೊಡದ ಕಥೆಯನ್ನು ನಾನು ಒಪ್ಪಿದವನಲ್ಲ. ಆಮೇಲೆ ನಮ್ಮ ಮನೆತನ ಬುದ್ಧನ ದಾರಿಗೆ ಬಂತು, ಮಕ್ಕಳು ಓದಿದರು, ನೌಕರಿ ಹಿಡಿದರು. ಯಾರ ಹೊಸ್ತಿಲಲ್ಲೂ ನಿಂತು ಆ ಮಾತು ಕೇಳುವುದು ನಮಗೆ ತಪ್ಪಿತು.

ಇಷ್ಟರಲ್ಲಿ ಭಾಲ್ಕಿಯಲ್ಲಿ ಹಗುರ ಸ್ಪರ್ಶದ ಚಿಕಿತ್ಸೆಯೊಂದನ್ನು ಕಲಿಸುತ್ತಾರೆಂದು ತಿಳಿಯಿತು. ಕಲಿಸುವವಳು ಪ್ರಕೃತಿ ಚಿಕಿತ್ಸೆಯಲ್ಲಿ ಪದವಿ ಪಡೆದ ಚಿಕ್ಕ ವಯಸ್ಸಿನ ಡಾಕ್ಟರು. ನಂಬಿಕೆಯಿಂದ ಹೋದೆನೆಂದರೆ ಸುಳ್ಳಾಗುತ್ತದೆ. ನನ್ನ ಹತ್ತಿರ ಮಾಡುವುದಕ್ಕೆ ಬೇರೇನೂ ಉಳಿದಿರಲಿಲ್ಲ.

ವಿಧಾನ ಸರಳವಾಗಿತ್ತು. ಮುಚ್ಚಿದ ಕಣ್ಣಿನ ರೆಪ್ಪೆಗೂ ನೋವಾಗದಷ್ಟು ಹಗುರಾಗಿ ಎರಡು ಬೆರಳಿಡಬೇಕು. ಚರ್ಮವನ್ನು ತುಸು ಸರಿಸಿ, ಸ್ನಾಯುವಿನ ಮೇಲೆ ಬೆರಳನ್ನು ಒಮ್ಮೆ ಮೆಲ್ಲಗೆ ಹೊರಳಿಸಬೇಕು. ಕೈ ತೆಗೆದು ಕೋಣೆಯಿಂದ ಹೊರಗೆ ಹೋಗಿಬಿಡಬೇಕು. ಸ್ವಲ್ಪ ಹೊತ್ತು ಬಿಟ್ಟು ಒಳಗೆ ಬಂದು ಮತ್ತೊಂದು ಕಡೆ ಅಷ್ಟೇ ಮಾಡಬೇಕು. ಆ ನಡುವಿನ ಬಿಡುವಿನಲ್ಲಿಯೇ ಕೆಲಸ ನಡೆಯುತ್ತದೆ ಎಂದಳು.

‘ಇಷ್ಟ ಹಗೂರ ಮುಟ್ಟಿದ್ರ ನೊಣ ಕುಂತಂಗ ಆಗ್ತದ್ರಿ. ನೊಣ ಕುಂತು ಯಾರಿಗಿ ಆರಾಮಾಗ್ಯಾದ?’ ಎಂದೆ.

‘ನೊಣ ಕುಂತ್ರ ನೀವು ಸುಮ್ನ ಇರ್ತೀರೇನ್ರಿ ಕಾಕಾ? ಇಡೀ ಮೈ ಎಚ್ಚರಾಗ್ತದ. ಹಂಗ ತಿಳ್ಕೋರಿ.’

‘ಇದಕ್ಕ ಪುರಾವೆ ಏನದ?’

‘ಭಾಳ ಇಲ್ರಿ’ ಎಂದಳು.

ಆ ಉತ್ತರಕ್ಕಾಗಿ ನಾನು ಅಲ್ಲಿ ಉಳಿದೆ. ನನ್ನ ವಿದ್ಯೆಯಲ್ಲಿ ಯಾರೂ ಅಷ್ಟು ನೇರವಾಗಿ ಹೇಳಿದ್ದನ್ನು ನಾನು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ತೊಡಕು ಬಂದದ್ದು ಮಧ್ಯಾಹ್ನ. ಕಲಿಯಲು ಬಂದವರು ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡಬೇಕಿತ್ತು. ಬಸವಕಲ್ಯಾಣದ ಕಡೆಯ ನಿವೃತ್ತ ಡ್ರೈವರೊಬ್ಬರು ಅಂಗಿ ತೆಗೆದು ಚಾಪೆಯ ಮೇಲೆ ಬೋರಲು ಮಲಗಿದರು. ನಾನು ಕೈ ಚಾಚಿದೆ.

‘ಮೊದಲ ಕೇಳ್ರಿ ಕಾಕಾ’ ಎಂದಳು ಡಾಕ್ಟರು. ‘ಪ್ರತಿ ಸಲ ಕೇಳಬೇಕು. ಮುಟ್ಟಲೇನ್ರಿ ಅಂತ. ಅವರು ಹೂಂ ಅಂದ ಮ್ಯಾಲೇ ಕೈ.’

ಕೈ ಹಿಂದಕ್ಕೆ ತೆಗೆದುಕೊಂಡೆ. ‘ನಾ ಕೇಳಲ್ರಿ’ ಎಂದೆ.

‘ಯಾಕ್ರಿ?’

‘ನಮ್ಮವ್ವ ಕೇಳಿದ್ದು ಸಾಕು. ನಮ್ಮ ಮನಿತನದ ಪಾಲಿಂದು ಕೇಳೂದು ಮುಗದದ.’

ಡಾಕ್ಟರಿಗೆ ಇದು ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದ ಮೇಲೆ ಮುಖ ಕೆಂಪಾಯಿತು. ‘ಹಂಗಾದ್ರ ಬ್ಯಾರೆ ಮಾತು ಹುಡುಕ್ರಿ. ಆದ್ರ ಕೇಳೂದು ಬಿಡಬ್ಯಾಡ್ರಿ’ ಎಂದಳು ತಗ್ಗಿದ ದನಿಯಲ್ಲಿ. ಕೆಳಗೆ ಮಲಗಿದ್ದ ಡ್ರೈವರು ಚಾಪೆಗೆ ಮುಖವಿಟ್ಟುಕೊಂಡೇ, ‘ಏನರೆ ಒಂದು ಅನ್ರಿ ಯಜಮಾನ್ರ, ನನ್ನ ಬೆನ್ನು ಥಂಡಿ ಆಗ್ಲತ್ತದ’ ಎಂದಾಗ ಎಲ್ಲರೂ ನಕ್ಕರು. ನಾನು ಮಾತ್ರ ಕೇಳದೆಯೇ ಅಭ್ಯಾಸ ಮಾಡಿದೆ. ಬೆರಳಿನ ಕೆಲಸ ಕಲಿತೆ, ಆ ಒಂದು ಮಾತನ್ನು ಬಿಟ್ಟು ಬಂದೆ.

ಔರಾದಿಗೆ ಹೋದಾಗ ಅಕ್ಕ ಪಡಸಾಲೆಯ ಗೋಡೆಗೆ ಒರಗಿ ಕುಳಿತಿದ್ದಳು. ಮಾತನ್ನು ಬಹುಮಟ್ಟಿಗೆ ಬಿಟ್ಟಿದ್ದಳು. ಅನ್ನಲೇಬೇಕಾದದ್ದನ್ನು ಹಲ್ಲು ಕಚ್ಚಿಕೊಂಡೇ ಅನ್ನುತ್ತಿದ್ದಳು. ಅಳಿಯ ನನ್ನನ್ನು ನಗಿಸಲು ನೋಡಿದ. ‘ಅವ್ವ ಈಗ ಬೆಂಗಳೂರ ಮಂದಿ ಗತೆ ಮಾತಾಡ್ಲತ್ತಾಳ್ರಿ ಮಾಮಾ. ಬ್ಯಾಡ ಅನ್ನಾಕ ಬಾಯಿ ತೆರೀಬೇಕಲ್ಲ, ಅದಕ್ಕ ಬೇಡ ಅಂತಾಳ.’

ಅದು ನಿಜವಾಗಿತ್ತು. ನಮ್ಮ ಸೀಮೆಯ ‘ಬ್ಯಾಡ’ ದವಡೆ ಇಳಿಯದೆ ಹೊರಡುವುದಿಲ್ಲ. ಪುಸ್ತಕದ ‘ಬೇಡ’ಕ್ಕೆ ಕಿರುಬೆರಳಿನ ಸಂದು ಸಾಕು. ಅಕ್ಕ ಮಗನ ಕಡೆ ಕಣ್ಣು ಕೆರಳಿಸಿ ನೋಡಿದಳು.

ಕಲಿತಂತೆ ಮಾಡಿದೆ. ಕಿವಿಯ ಮುಂದಿನ ಕೀಲಿನ ಮೇಲೆ ಬೆರಳಿಟ್ಟೆ. ಇಟ್ಟೊಡನೆ ಅವಳ ಹೆಗಲು ಮೇಲೇರಿತು, ಉಸಿರು ನಿಂತಿತು, ನನ್ನ ಬೆರಳ ಕೆಳಗೆ ಸ್ನಾಯು ಕಲ್ಲಾಯಿತು. ಕೈ ತೆಗೆದು ಅಂಗಳಕ್ಕೆ ಹೋಗಿ ನಿಂತೆ. ಒಳಗೆ ಬಂದು ನೋಡಿದರೆ ಸಂದು ಇನ್ನೂ ಕಿರಿದಾಗಿತ್ತು. ವಾರ ಬಿಟ್ಟು ವಾರ ಬೀದರಿನಿಂದ ಬಸ್ಸಿನಲ್ಲಿ ಹೋಗಿ ಅದನ್ನೇ ಮಾಡಿದೆ. ಪ್ರತಿ ಸಲವೂ ಕಲ್ಲೇ. ಹಿಂದಿರುಗುವ ಬಸ್ಸಿನಲ್ಲಿ ನನ್ನ ಕೈಗಳನ್ನು ನೋಡಿಕೊಳ್ಳಲು ನನಗೆ ಅಸಹ್ಯವಾಗುತ್ತಿತ್ತು.

ಮುಂದೆ ಅವಳು ಅಂಬಲಿಯನ್ನೂ ನಿರಾಕರಿಸತೊಡಗಿದಳು. ಸೊಸೆ ಚಮಚೆಯ ತುದಿಯನ್ನು ಹಲ್ಲಿನ ಸಂದಿಗೆ ತೂರಿಸಿ ಹೊಯ್ಯುತ್ತಿದ್ದಳು. ಅರ್ಧ ಗದ್ದದ ಮೇಲೆ ಇಳಿಯುತ್ತಿತ್ತು. ಒಂದು ದಿನ ಆ ಹೆಣ್ಣುಮಗಳು ಚಮಚೆ ಕೆಳಗಿಟ್ಟು, ‘ಮಾಮಾರ, ನನ್ನ ಕೈಲೇ ಆಗವಲ್ದು. ಅತ್ತಿ ನನ್ನ ಹಗೀ ನೋಡಿದಂಗ ನೋಡ್ಲತ್ತಾರ’ ಎಂದು ಅತ್ತಳು. ಬೀದರಿನ ಡಾಕ್ಟರರು, ಇನ್ನು ಮೂಗಿನಿಂದ ನಳಿಕೆ ಹಾಕಿ ಉಣಿಸಬೇಕು, ಆಮೇಲೆ ಪ್ರಜ್ಞೆ ತಪ್ಪಿಸಿ ದವಡೆ ಬಿಡಿಸಲು ನೋಡಬೇಕು ಎಂದರು. ಆ ವಯಸ್ಸಿಗೆ ತಡೆದೀತೇ ಎಂದು ಕೇಳಿದೆ. ಅವರು ದಾಖಲಾತಿಯ ಚೀಟಿ ಬರೆದುಕೊಟ್ಟರು.

ಕರೆದೊಯ್ಯಲು ಜೀಪು ಹೇಳಿಟ್ಟ ದಿನ ಬೆಳಿಗ್ಗೆ ನಾನು ಅವಳೆದುರು ಕುಳಿತಿದ್ದೆ. ಆ ಬಾಯೊಳಗೆ ಡಾಕ್ಟರರು ಇಕ್ಕಳ ಹಾಕಿದ್ದರು, ಅಳಿಯ ಟಾರ್ಚು ಹಿಡಿದಿದ್ದ, ಸೊಸೆ ಚಮಚೆ ತೂರಿಸಿದ್ದಳು, ನಾನು ಬೆರಳಿಟ್ಟು ಅಳೆದಿದ್ದೆ; ಇನ್ನು ಮೂಗಿನ ಸರದಿ. ಯಾರೂ ಅವಳನ್ನು ಕೇಳಿರಲಿಲ್ಲ. ಇದು ನನಗೆ ಆಗಲೇ ಹೊಳೆಯಿತೆಂದು ಬರೆದರೆ ನಾನೂ ಕಥೆ ಕಟ್ಟುವವರ ಸಾಲಿಗೆ ಸೇರುತ್ತೇನೆ. ಆಗ ನನಗೆ ಏನೂ ಹೊಳೆದಿರಲಿಲ್ಲ. ಹಟ ಸೋತಿತ್ತು, ಅಷ್ಟೇ. ಬಾಯಿಂದ ತಾನಾಗಿ ಬಂತು: ‘ಅಕ್ಕಾ, ಮುಟ್ಟಲೇನು?’

ಅವಳು ನನ್ನನ್ನು ನೋಡಿದಳು. ಆ ಮಾತನ್ನು ಅವಳು ಮೊದಲು ಯಾರ ದನಿಯಲ್ಲಿ ಕೇಳಿದ್ದಳೋ ಅದು ನನಗೆ ಗೊತ್ತಿತ್ತು. ನನಗೆ ಗೊತ್ತೆಂಬುದು ಅವಳಿಗೂ ಗೊತ್ತಿತ್ತು. ಹೊಸ್ತಿಲ ಹೊರಗೆ ನಿಂತು ಅವ್ವ ಕೇಳಿದ್ದನ್ನು ಅವ್ವನ ಮಗ ಅವ್ವನ ಮಗಳನ್ನು ಕೇಳುತ್ತಿದ್ದ. ಸಿಟ್ಟಾಗುತ್ತಾಳೆಂದು ಹೆದರಿದೆ.

‘ಬ್ಯಾಡ’ ಎಂದಳು.

ದವಡೆ ಇಳಿಯಿತು. ಎರಡು ಸಾಲು ಹಲ್ಲಿನ ನಡುವೆ ಅವಳ ನಾಲಿಗೆ ಕಂಡಿತು. ಬಾಗಿಲಲ್ಲಿದ್ದ ಅಳಿಯ, ‘ಮಾಮಾ, ಅವ್ವ ಬ್ಯಾಡ ಅಂದಳು’ ಎಂದ, ನಾನು ಕೇಳಿರಲಿಕ್ಕಿಲ್ಲವೆಂಬಂತೆ.

ನಾನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡೆ. ಬೇಡವೆಂದ ಮೇಲೆ ಮುಟ್ಟಿದರೆ ಕೇಳಿದ್ದಕ್ಕೆ ಅರ್ಥವಿಲ್ಲ. ಎದ್ದು ಅಂಗಳಕ್ಕೆ ಹೋದೆ. ಪಕ್ಕದ ಮನೆಯವರು ಕುರಿಗಳನ್ನು ಹೊರಡಿಸುತ್ತಿದ್ದರು. ಉಳಿದಿದ್ದ ಒಂದು ಬಾಗಿಲನ್ನೂ ಅವಳು ಮುಚ್ಚಿದಳು, ಇನ್ನು ನಳಿಕೆಯೇ ಗತಿ ಎಂದು ನಿಂತಿದ್ದೆ. ಕುರಿಗಳೆಲ್ಲ ಹೋಗಿ ಧೂಳು ಅಡಗಿದ ಮೇಲೆ ಒಳಗೆ ಬಂದು ಮತ್ತೆ ಕೇಳಿದೆ.

‘ಬ್ಯಾಡ ಅಂದ್ನೆಲ್ಲೋ. ಎಷ್ಟ ಸಲ ಕೇಳ್ತಿ, ಕಿವಿ ಹೋಗ್ಯಾವೇನ ನಿನ್ನವು?’

ಮೊದಲ ‘ಬ್ಯಾಡ’ ಕೇಳಿಯೇ ಬೇಳೆಯಲ್ಲಿ ರೊಟ್ಟಿ ನೆನೆಹಾಕಿದ್ದ ಸೊಸೆ ಬಟ್ಟಲು ಹಿಡಿದು ಬಂದು ಅಲ್ಲಿಯೇ ನಿಂತಳು. ಮೊದಲು ಕೇಳೆಂದು ನಾನು ಕಣ್ಣಿನಲ್ಲಿ ಸೂಚಿಸಿದೆ. ‘ಉಣ್ತೀರೇನ್ರಿ ಅತ್ತಿ?’ ಎಂದು ಕೇಳಿದಳು. ಅಕ್ಕ ಕೈ ಚಾಚಿ ಬಟ್ಟಲನ್ನು ತಾನೇ ತೆಗೆದುಕೊಂಡಳು, ಚಮಚೆಯನ್ನು ನೆಲಕ್ಕಿಟ್ಟಳು, ಬೇಳೆಯಲ್ಲಿ ನೆನೆದ ರೊಟ್ಟಿಯನ್ನು ಬೆರಳಲ್ಲಿ ಹಿಚುಕಿ ಬಾಯಿಗಿಟ್ಟಳು. ಅರ್ಧ ಉಗುಳಿದಳು. ಅರ್ಧ ಒಳಗೆ ಹೋಯಿತು. ಜೀಪನ್ನು ಹಿಂದಕ್ಕೆ ಕಳಿಸಿದೆವು.

ಈಗ ಇದಕ್ಕೂ ಕಥೆಗಳು ಹುಟ್ಟಿವೆ. ತಾನಾಗಿ ಸಡಿಲವಾಗುತ್ತದೆಂದು ಹೇಳಿದ್ದೆನಲ್ಲ ಎನ್ನುತ್ತಾರೆ ಹಲ್ಲಿನ ಡಾಕ್ಟರರು. ಅದು ಸುಳ್ಳೆಂದು ಸಾಧಿಸಲು ನನ್ನಿಂದಾಗದು. ಬಿಡುವು ಕೆಲಸ ಮಾಡಿತು ಎನ್ನುತ್ತಾಳೆ ಭಾಲ್ಕಿಯ ಡಾಕ್ಟರು, ಫೋನಿನಲ್ಲಿ, ತುಸು ಅಳುಕಿನಿಂದಲೇ. ಹಳ್ಳಿಯವರಂತೂ ಅವ್ವನ ಕೈಗುಣವನ್ನು ನನ್ನ ಬೆರಳಿಗೆ ಕಟ್ಟಿಬಿಟ್ಟಿದ್ದಾರೆ. ಆ ದಿನ ನನ್ನ ಕೈ ತೊಡೆಯ ಮೇಲಿತ್ತು ಎಂದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಯಾವುದು ನಿಜವೋ ನನಗೆ ತಿಳಿಯದು.

ತಿಳಿದಿರುವುದು ಇಷ್ಟು: ಅಕ್ಕ ಗುಣವಾಗಿಲ್ಲ. ಚಳಿಯ ಬೆಳಗುಗಳಲ್ಲಿ ದವಡೆ ಮತ್ತೆ ಕಚ್ಚಿಕೊಳ್ಳುತ್ತದೆ. ಉಣ್ಣುವುದು ಒಂದು ಹಿಡಿ. ಬಳೆಗಳು ಇನ್ನೂ ಮೊಣಕೈಯಲ್ಲೇ ಇವೆ. ನಳಿಕೆಯ ಮಾತನ್ನು ಡಾಕ್ಟರರು ಹಿಂದಕ್ಕೆ ಪಡೆದಿಲ್ಲ, ಮುಂದೂಡಿದ್ದಾರೆ. ಅವಳನ್ನು ಉಳಿಸಿಕೊಳ್ಳುವ ವಿದ್ಯೆ ನನ್ನಲ್ಲಿಲ್ಲ ಎಂಬುದನ್ನು ಈ ಮುಪ್ಪಿನಲ್ಲಿ ಕಲಿತಿದ್ದೇನೆ.

ಆದರೂ ಪ್ರತಿ ವಾರ ಔರಾದಿನ ಬಸ್ಸು ಹತ್ತುತ್ತೇನೆ. ಅವಳೆದುರು ಕುಳಿತು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ‘ಅಕ್ಕಾ, ಮುಟ್ಟಲೇನು?’ ಎಂದು ಕೇಳುತ್ತೇನೆ. ಅವಳು ಈವರೆಗೆ ಒಮ್ಮೆಯೂ ಹೂಂ ಅಂದಿಲ್ಲ. ಹೋದ ಸಲ ಉತ್ತರ ಬರುವುದು ತಡವಾಯಿತು. ಸೊಸೆ ಒಲೆಯ ಮುಂದಿನಿಂದ ತಿರುಗಿ ನೋಡಿದಳು. ಒಂದು ದಿನ ಅವಳು ಹಲ್ಲು ಬಿಡದೆ ‘ಬೇಡ’ ಎಂದುಬಿಟ್ಟಾಳೆಂಬ ಭಯದಲ್ಲಿ ನಾನು ಅವಳ ತುಟಿಗಳನ್ನೇ ನೋಡುತ್ತ ಕುಳಿತಿದ್ದೆ.

‘ಬ್ಯಾಡೋ’ ಎಂದಳು.