ಶಾಂತವ್ವ ಕಲಿಸಿದ ರೊಟ್ಟಿ

ಶಾಂತವ್ವನಿಗೆ ಸಿಟ್ಟು ಬಂದರೆ ಹೊರಗೆ ಊಟಕ್ಕೆ ಕುಳಿತವರಿಗೆಲ್ಲ ಗೊತ್ತಾಗುತ್ತಿತ್ತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಒಮ್ಮೆಲೇ ಜೋರಾಗುತ್ತಿತ್ತು. ಸಿಟ್ಟಿನಲ್ಲಿ ಬಡಿದ ರೊಟ್ಟಿ ಹಪ್ಪಳದಷ್ಟು ತೆಳ್ಳಗಾಗುತ್ತಿದ್ದುದರಿಂದ, ಅದರ ರುಚಿ ಹತ್ತಿದವರು ನಮ್ಮ ದೊಡ್ಡಮ್ಮನಿಗೆ ಹೇಳುತ್ತಿದ್ದರು: "ಗಂಗಾಬಾಯಾರ, ಒಳಗ ಹೋಗಿ ಶಾಂತವ್ವಗ ಒಂದೆರಡು ಮಾತು ಅಂದು ಬರ್ರಿ. ಇವತ್ತ ರೊಟ್ಟಿ ದಪ್ಪ ಆಗ್ಯಾವ." ದೊಡ್ಡಮ್ಮ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಉತ್ತರ ಬರುತ್ತಿತ್ತು: "ಅವರ್ಯಾಕ, ನೀವ ಬಂದು ಅನ್ರಿ! ಬಾಯಿ ಐತಲ್ಲ, ಬರೇ ಮೆಲ್ಲಾಕ ಕೊಟ್ಟಾನೇನು ದೇವರು?"

ದೊಡ್ಡಮ್ಮನ ಖಾನಾವಳಿ ದಿಲ್‌ಸುಖ್‌ನಗರದಲ್ಲಿ, ಕೋಚಿಂಗ್ ಸೆಂಟರುಗಳ ಹಿಂದಿನ ಗಲ್ಲಿಯಲ್ಲಿತ್ತು. ಅಪ್ಪಟ ಸಸ್ಯಾಹಾರಿ ಲಿಂಗಾಯತ ಖಾನಾವಳಿ. ಬೀದರ್, ಕಲಬುರ್ಗಿ, ರಾಯಚೂರು ಕಡೆಯ ವಿದ್ಯಾರ್ಥಿಗಳು, ಬ್ಯಾಂಕಿನವರು, ಬಟ್ಟೆ ಅಂಗಡಿಯವರು ಬರುತ್ತಿದ್ದರು. ದಿನವಿಡೀ ತೆಲುಗು, ಹಿಂದಿ ಮಾತಾಡಿ ಬಂದವರು ಅಲ್ಲಿ ಚಪ್ಪಲಿಯ ಜೊತೆಗೆ ಅವನ್ನೂ ಬಾಗಿಲಲ್ಲೇ ಬಿಡುತ್ತಿದ್ದರು. ಸರಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿ ಸೇರಿದ್ದ ನಾನು, ಇನ್ನೂ ಮದುವೆಯಾಗದ ಹುಡುಗಿ, ಖಾನಾವಳಿಯ ಮೇಲಿನ ಮನೆಯಲ್ಲಿ ದೊಡ್ಡಮ್ಮನ ಜೊತೆ ಇದ್ದೆ. ಶಾಂತವ್ವ ಬೀದರಿನ ಆಚೆಯ ಒಂದು ಹಳ್ಳಿಯವಳು. ಗಂಡ ಸತ್ತ ಮೇಲೆ ಈ ಊರಿಗೆ ಬಂದು ಮಲಕ್‌ಪೇಟೆಯ ಸಂದಿಯೊಂದರಲ್ಲಿ ಒಂದೇ ಕೋಣೆ ಹಿಡಿದಿದ್ದಳು. ಮಕ್ಕಳಿರಲಿಲ್ಲ.

ರಾಯಚೂರಿನ ವೀರೇಶ ಎಂಬ ಬ್ಯಾಂಕ್ ಗುಮಾಸ್ತ ಒಮ್ಮೆ, ರೊಟ್ಟಿ ಮನೆಯಂತಿಲ್ಲ ಎಂದು ತಟ್ಟೆಯ ಮುಂದೆ ಮುಖ ಸಣ್ಣದು ಮಾಡಿದ. ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡ ಶಾಂತವ್ವ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ನಿಮ್ಮವ್ವ ಹೆಂಗ ಮಾಡ್ತಾಳ್ರಿ?" ಎಳ್ಳು ಹಚ್ಚಿ ಕಟಕಟಿ ಮಾಡುತ್ತಾಳೆ ಎಂದ. ಮರುದಿನ ಅವನೊಬ್ಬನಿಗೆ ಎಳ್ಳು ಹಚ್ಚಿದ ಕಟಕ್ ರೊಟ್ಟಿ ಬಂತು. ಅವನು ಉಂಡು ಮುಗಿಸುವವರೆಗೆ ಶಾಂತವ್ವ ಪಕ್ಕದಲ್ಲೇ ನಿಂತಿದ್ದಳು. "ನಿಮ್ಮವ್ವಗ ಹೇಳ್ರಿ, ಮಗ ಉಪಾಸ ಇಲ್ಲ ಅಂತ," ಎಂದು ಒಳಗೆ ಹೋದಳು. ನಾವೆಲ್ಲ ಅವಳನ್ನು ಹಚ್ಚಿಕೊಂಡದ್ದು ಇಂಥದ್ದಕ್ಕೇ.

ಬಿಮಲಾ ಬಂದದ್ದು ಪಾತ್ರೆ ತಿಕ್ಕಲು. ನೇಪಾಳದ ಯಾವುದೋ ಗುಡ್ಡದ ಊರಿನವಳು, ಇಪ್ಪತ್ತೈದರ ಒಳಗಿನ ಹೆಂಗಸು. ಪಕ್ಕದ ಕಟ್ಟಡದಲ್ಲಿ ವಾಚ್‌ಮನ್ ಆಗಿದ್ದ ಗಂಡ ಅವಳನ್ನು ಬಿಟ್ಟು ದುಬೈಗೆ ಹೋಗಿದ್ದ, ಸುದ್ದಿಯಿರಲಿಲ್ಲ. ವಾಚ್‌ಮನ್ ಕೋಣೆ ಖಾಲಿ ಮಾಡಬೇಕಾಗಿ ಬಂದಾಗ ದೊಡ್ಡಮ್ಮ ಅವಳಿಗೆ ಉಗ್ರಾಣದಲ್ಲಿ ಮಲಗಲು ಜಾಗ ಕೊಟ್ಟಳು. ಅದನ್ನು ದೊಡ್ಡಮ್ಮನ ದೊಡ್ಡ ಮನಸ್ಸು ಎಂದು ನಾನು ತಿಳಿದಿದ್ದೆ.

ರೊಟ್ಟಿ ಬಡಿಯುವುದನ್ನು ಕಲಿಸಲು ಶಾಂತವ್ವನಿಗೆ ಯಾರೂ ಹೇಳಿರಲಿಲ್ಲ. ಪಾತ್ರೆ ತಿಕ್ಕುತ್ತ ಬಿಮಲಾ ರೊಟ್ಟಿ ಬಡಿಯುವ ತನ್ನ ಕೈಗಳನ್ನೇ ನೋಡುತ್ತಿರುವುದನ್ನು ಕಂಡು, ತಾನಾಗಿಯೇ ಒಂದು ಉಂಡೆ ಹಿಟ್ಟು ಅವಳ ಮುಂದಿಟ್ಟಳು. ಇಬ್ಬರ ನಡುವೆ ಇದ್ದದ್ದು ಶಾಂತವ್ವನ ಹರುಕು ಮುರುಕು ದಖನಿ: "ಐಸಾ ನಕ್ಕೊ! ಹಲ್ಲು ಹಲ್ಲು ಮಾರ್." ಹೀಗಲ್ಲ, ಮೆಲ್ಲಗೆ ಬಡಿ ಎಂದು. ಬಿಸಿನೀರು ಹಾಕಿದ ಹಿಟ್ಟನ್ನು ಅಂಗೈಯ ಬುಡದಿಂದ ನಾದುವುದು, ಎರಡೂ ಕೈಯಲ್ಲಿ ತಿರುಗಿಸುತ್ತ ಬಡಿಯುವುದು, ಹರಿಯದಂತೆ ಎತ್ತಿ ಹಂಚಿಗೆ ಹಾಕುವುದು, ಎಲ್ಲವನ್ನೂ ಅವಳ ಕೈಯ ಮೇಲೆ ಕೈಯಿಟ್ಟು ಕಲಿಸಿದಳು. ಮೊದಲ ರೊಟ್ಟಿ ನೋಡಿ ನಕ್ಕದ್ದು ಇನ್ನೂ ನೆನಪಿದೆ: "ಏ ಬಿಮಲಿ, ಇದು ರೊಟ್ಟಿ ಏನ, ನಿಮ್ಮೂರ ನಕಾಶಿ ಏನ?" ಬಿಮಲಾಗೆ ಮಾತು ತಿಳಿಯದಿದ್ದರೂ ಅವಳೂ ನಕ್ಕಳು. ಆ ನಕಾಶಿಯನ್ನು ಶಾಂತವ್ವನೇ ಚಟ್ನಿ ಹಚ್ಚಿಕೊಂಡು ತಿಂದಳು.

ದಸರೆಯ ರಜೆಯಲ್ಲಿ ನಾನೂ ಅಡುಗೆಮನೆಯಲ್ಲಿ ಕುಳಿತಿದ್ದೆ. ಬಿಮಲಾ ಊರು ನೆನೆದು ಮಂಕಾಗಿದ್ದಳು. ಈ ಹಬ್ಬಕ್ಕೆ ಎಲ್ಲಿದ್ದವರೂ ಮನೆಗೆ ಬರುತ್ತಾರೆ, ಹಿರಿಯರು ಮೊಸರು, ಅಕ್ಕಿ, ಕುಂಕುಮ ಕಲಸಿ ಹಣೆಗೆ ಹಚ್ಚುತ್ತಾರೆ, ದೇವಿಗೆ ಎಮ್ಮೆಕೋಣ ಕಡಿದು ಊರೆಲ್ಲ ಹಂಚಿಕೊಂಡು ಉಣ್ಣುತ್ತೇವೆ ಎಂದು ಹೇಳಿದಳು. ಶಾಂತವ್ವನ ಕೈ ಒಂದು ಗಳಿಗೆ ನಿಂತಿತು. ಆಮೇಲೆ, "ನಮ್ಮೂರಾಗೂ ಊರದೇವಿ ಮರಗಮ್ಮಗ ಕೋಣ ಬೀಳ್ತಿತ್ತು, ಬಿಡು," ಎಂದು ನನಗೆ ಹೇಳಿ, ಅವಳಿಗೆ ದಖನಿಯಲ್ಲಿ ಎಚ್ಚರಿಸಿದಳು: "ಕಿಸೀಕು ನಕ್ಕೊ ಬೋಲ್." ಯಾರಿಗೂ ಹೇಳಬೇಡ. ಹಾಗೆಂದು ಒಂದು ಬಟ್ಟಲಲ್ಲಿ ಮೊಸರು, ಅಕ್ಕಿ, ಕುಂಕುಮ ಕಲಸಿ ಅವಳ ಹಣೆಗೆ ಹಚ್ಚಿದಳು. ಬಿಮಲಾ ಆ ಕೆಂಪು ಅಕ್ಕಿಯನ್ನು ಸಂಜೆಯವರೆಗೂ ಒರೆಸಲಿಲ್ಲ.

ಮುಂದಿನದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಬೇಸಿಗೆಯಲ್ಲಿ ಶಾಂತವ್ವನ ತಂಗಿ ಹಾಸಿಗೆ ಹಿಡಿದಳು. ಅವಳ ಆರೈಕೆಗೆಂದು ಊರಿಗೆ ಹೋದ ಶಾಂತವ್ವ ತಿಂಗಳ ಮೇಲೆ ಬರಲಿಲ್ಲ. ಅಷ್ಟೂ ದಿನ ರೊಟ್ಟಿ ಬಡಿದವಳು ಬಿಮಲಾ. ಒಬ್ಬ ಗಿರಾಕಿಗೂ ವ್ಯತ್ಯಾಸ ತಿಳಿಯಲಿಲ್ಲ, ವೀರೇಶ ಒಂದು ರೊಟ್ಟಿ ಹೆಚ್ಚೇ ಉಣ್ಣುತ್ತಿದ್ದ. ತಂಗಿಯನ್ನು ಮಣ್ಣು ಮಾಡಿ ಶಾಂತವ್ವ ತಿರುಗಿ ಬಂದ ದಿನವೇ ದೊಡ್ಡಮ್ಮ ಹೇಳಿದಳು: "ಇನ್ನ ನೀ ಸಂಜೀ ಹೊತ್ತು ಅಷ್ಟ ಬಾ, ಪಗಾರ ಅರ್ಧ. ಮುಂಜಾನೀದು ಬಿಮಲಿ ನೋಡ್ಕೋತಾಳ. ಅಕಿ ಹಬ್ಬ ಹುಣ್ಣಿವಿ ಅಂತ ರಜಾ ಕೇಳೂದಿಲ್ಲ."

ಅರ್ಧ ಪಗಾರದಲ್ಲಿ ಮಲಕ್‌ಪೇಟೆಯ ಆ ಕೋಣೆಯನ್ನು ಉಳಿಸಿಕೊಳ್ಳುವುದು ಆಗದ ಮಾತು. ಬಿಮಲಾಗೆ ಸಿಗುತ್ತಿದ್ದದ್ದು ಆ ಅರ್ಧಕ್ಕಿಂತಲೂ ಕಡಿಮೆ. ಮೇಲಿನ ಮನೆಯಲ್ಲಿ ಚಹಾ ಕುಡಿಯುತ್ತ ದೊಡ್ಡಮ್ಮ, "ಹೊರದೇಶದವರನ್ನ ಇಟ್ಕೊಂಡ್ರ ಇದ ಛಲೋ, ತಿರುಗಿ ಮಾತಾಡಂಗಿಲ್ಲ," ಎಂದಳು. ಅದು ಸರಿಯಲ್ಲ ಎಂದು ನಾನು ಹೇಳಿದೆ. "ನೀ ಟೈಪ್ ಮಾಡಾಕ ಹೋಗು," ಎಂದಳು. ಅವಳು ನನ್ನ ಅವ್ವನ ಅಕ್ಕ. ಅವಳ ಮನೆಯಲ್ಲೇ ನನ್ನ ಊಟ, ವಸತಿ.

ದೊಡ್ಡಮ್ಮನ ಜೊತೆ ಜಗಳಕ್ಕೆ ನಿಲ್ಲಲು ಶಾಂತವ್ವನಿಂದ ಆಗಲಿಲ್ಲ. ಅವಳ ಸಿಟ್ಟು ತನಗಿಂತ ಕೆಳಗಿದ್ದವಳ ಮೇಲೆ ತಿರುಗಿತು. ಒಂದು ಭಾನುವಾರ ಮಧ್ಯಾಹ್ನ, ಎಲ್ಲ ಪಂಕ್ತಿಗಳೂ ತುಂಬಿದ್ದಾಗ, ತನ್ನ ಹೊತ್ತಲ್ಲದಿದ್ದರೂ ಅವಳು ನಡುಮನೆಗೆ ಬಂದು ನಿಂತಳು. ನಾನು ನೀರು ಬಡಿಸುತ್ತಿದ್ದೆ.

"ನೀವು ಯಾರ ಕೈಯಾಂದು ಉಣ್ಣಾಕತ್ತೀರಿ ಗೊತ್ತೈತೇನ್ರಿ?" ಎಂದಳು. "ಎಮ್ಮಿ ಕಡಕೊಂಡು ತಿನ್ನೂ ಮಂದಿ ಕೈಯಾಂದು. ಬೇಕಾದ್ರ ಅಕೀನ್ನ ಕೇಳ್ರಿ, ನನ್ನ ಮುಂದ ತಾನ ಹೇಳ್ಯಾಳ."

ತಟ್ಟೆಗಳನ್ನು ದೂಡುವ ಸದ್ದು ಶುರುವಾಯಿತು. ಮೊದಲು ಎದ್ದವನು ವೀರೇಶ. "ಈ ನೇಪಾಳಿ ಮಂದೀನ್ನ ಯಾಕ ಇಟ್ಕೋತೀರಿ? ನಮ್ಮವರ ಹೊಟ್ಟಿ ಮ್ಯಾಲೂ ಹೊಡೀತಾರ, ಜಾತಿನೂ ಕೆಡಿಸ್ತಾರ," ಎಂದ. ನೀವು ಕರ್ನಾಟಕದವರು ಬಂದು ನಮ್ಮ ಹುಡುಗರ ನೌಕರಿ ತಿಂದಿರಿ ಎಂದು ತನ್ನ ತೆಲುಗು ಮನೆ ಮಾಲೀಕ ದಿನಾ ಅನ್ನುತ್ತಾನೆ ಎಂದು ಹಿಂದಿನ ವಾರವಷ್ಟೇ ಇದೇ ವೀರೇಶ ಅದೇ ಪಂಕ್ತಿಯಲ್ಲಿ ಕುಳಿತು ಗೋಳಾಡಿದ್ದ. ಒಬ್ಬಿಬ್ಬರು ಹಿತ್ತಲಿಗೆ ಓಡಿ ಬಾಯಿ ಮುಕ್ಕಳಿಸಿದರು. ತಿಂಗಳುಗಟ್ಟಲೆ ಬಾಯಿ ಚಪ್ಪರಿಸಿ ಉಂಡಿದ್ದ ಬಾಯಿಗಳು ಅವು.

ದೊಡ್ಡಮ್ಮ ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಎರಡೂ ಕೈ ಜೋಡಿಸಿ, ತನಗೇನೂ ಗೊತ್ತಿರಲಿಲ್ಲ ಎಂದಳು. ಊರಲ್ಲಿ ಅವರು ಏನು ತಿಂದರೆ ನಮಗೇನು ಎಂದು ಕೇಳುವವರು ಆ ನಡುಮನೆಯಲ್ಲಿ ಯಾರೂ ಇರಲಿಲ್ಲ. ಗಂಟೆಯೊಳಗೆ ಬಿಮಲಾಳ ಗಂಟು ಉಗ್ರಾಣದಿಂದ ಹೊರಗೆ ಬಂತು. ಪಾಪ, ಕನ್ನಡದಲ್ಲಿ ಆದ ಆ ಗದ್ದಲದಲ್ಲಿ ಅವಳಿಗೆ ತಿಳಿದದ್ದು ತನ್ನಿಂದ ಏನೋ ತಪ್ಪಾಗಿದೆ ಎಂಬುದಷ್ಟೇ. ಒಲೆಯ ಮುಂದೆ ಬೆನ್ನು ಹಾಕಿ ಕುಳಿತಿದ್ದ ಶಾಂತವ್ವನ ಹತ್ತಿರ ಹೋಗಿ ಕೇಳಿದಳು: "ರೋಟಿ ಖರಾಬ್ ಹುಯೀ ಕ್ಯಾ, ಅಮ್ಮಾ?" ರೊಟ್ಟಿ ಕೆಟ್ಟಿತೇ ಅಮ್ಮಾ, ಎಂದು.

ಶಾಂತವ್ವ ತಿರುಗಲಿಲ್ಲ. ಬಿಮಲಾ ಹಿಟ್ಟಾಗಿದ್ದ ಕೈ ತೊಳೆದುಕೊಂಡು, ಹಿತ್ತಲ ಬಾಗಿಲಿನಿಂದ ಹೋದಳು. ಸಂಜೆ ದೊಡ್ಡಮ್ಮ ಹಿಟ್ಟು ನಾದುವ ಹೊಸ ಪರಾತ, ಹೊಸ ಹಂಚು ತರಿಸಿ ಗಿರಾಕಿಗಳಿಗೆ ತೋರಿಸಿದಳು. ಶಾಂತವ್ವನಿಗೆ ಎರಡೂ ಹೊತ್ತಿನ ಕೆಲಸ ತಿರುಗಿ ಸಿಕ್ಕಿತು. ನಾನು ಮರುದಿನವೂ ಅಲ್ಲೇ ಉಂಡೆ.

ಆ ಮೇಲೆ ಶಾಂತವ್ವ ಯಾರಿಗೂ ಏನನ್ನೂ ಕಲಿಸಲಿಲ್ಲ. ಪಾತ್ರೆ ತಿಕ್ಕಲು ಬಂದ ಬೇರೆ ಹೆಂಗಸರ ಹೆಸರನ್ನೂ ಕೇಳಲಿಲ್ಲ. ಕೆಲವು ವರ್ಷಗಳಲ್ಲಿ ದೊಡ್ಡಮ್ಮ ಖಾನಾವಳಿ ಮುಚ್ಚಿ ಬೀದರಿಗೆ ಹೋದಳು. ನಾನು ಮದುವೆಯಾಗಿ ಶಂಶಾಬಾದಿನ ಕಡೆ ಮನೆ ಮಾಡಿದೆ. ಶಾಂತವ್ವನಿಗೆ ಹುಷಾರಿಲ್ಲವೆಂದು ಕೇಳಿ ಮಲಕ್‌ಪೇಟೆಗೆ ಹೋದದ್ದೇ ನಮ್ಮ ಕೊನೆಯ ಭೇಟಿ. ಆ ಮಳೆಗಾಲದಲ್ಲೇ ಅವಳು ಹೋಗಿಬಿಟ್ಟಳು.

ಅವತ್ತು ಹಾಸಿಗೆಯ ಮೇಲೆ ಎದ್ದು ಕುಳಿತು, ನಾನು ಏನೂ ಕೇಳದಿದ್ದರೂ ತಾನೇ ಹೇಳಿದಳು.

"ಬಿಮಲಿ ಸಿಕ್ಕಿದ್ದಳು. ಕೂಕಟ್‌ಪಲ್ಲಿ ರೋಡಿನ ಬಾಜೂಕ ಕಟಿಗಿ ಒಲಿ ಇಟ್ಕೊಂಡು ಜೋಳದ ರೊಟ್ಟಿ ಮಾರಾಕತ್ತಾಳ. ಯಾರೋ ಹೇಳಿದ್ರು, ಎರಡು ಬಸ್ ಬದಲಿ ಮಾಡಿ ಹೋದೆ. ಭಾಳ ಮಂದಿ ನಿಂತಿದ್ರು, ನಾನೂ ನಿಂತೆ. ನನ್ನ ಪಾಳಿ ಬಂತು. ಬಿಮಲೀ ಅಂದೆ. ತಲಿ ಎತ್ತಿ ನೋಡಿದಳು. ಗುರುತು ಹಿಡದಳವ್ವ, ಕಣ್ಣಾಗ ಕಂಡ್ತು ನನಗ."

"ಏನಂದಳು?"

"‘ಎನ್ನಿ ಕಾವಾಲಮ್ಮಾ?’ ಅಂದಳು. ಎಷ್ಟ ಬೇಕು ಅಂತ, ತೆಲುಗಿನಾಗ. ಹಾದ್ಯಾಗ ಹೋಗವರಿಗೆ ಕೇಳ್ತಾರಲ್ಲ, ಹಂಗ."

ಶಾಂತವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ತಪ್ಪಾತು ಅನ್ಬೇಕಂತ ಹೋದಾಕಿ, ಎರಡು ಅಂದೆ. ಮನಿಗೆ ತರಲಿಲ್ಲ, ಅಲ್ಲೇ ನಿಂತು ತಿಂದೆ. ಎಲ್ಲಾರ ಮುಂದ ಅಕಿ ಮಾನ ಕಳದಿದ್ದೆ ನೋಡು, ಎಲ್ಲಾರ ಮುಂದನ ಅಕಿ ಕೈಯಾಂದು ತಿನಬೇಕಂತ. ಆದರ ಅಲ್ಲಿದ್ದವರಿಗೆ ಏನ್ ಗೊತ್ತು? ಮುದುಕಿ ಹಸದಾಳ ಅನ್ಕೊಂಡ್ರು. ಒಬ್ಬಾಕಿ ಸರದು ಕುಂದರಾಕ ಜಾಗಾ ಕೊಟ್ಟಳು."

"ಬಿಮಲಾ?"

"ಅಕಿ ನೋಡಲಿಲ್ಲವ್ವ. ನನ್ನ ಹಿಂದ ನಿಂತವರಿಗೆ ಕೇಳಿದಳು, ಎಷ್ಟ ಬೇಕು ಅಂತ."