ರಹಮತ್‌ಬಿಯ ಬಲಗೈ

ರಹಮತ್‌ಬಿಯ ಕೈ ಕೆಡಿಸಿದವನು ನಾನು. ಅದನ್ನು ಉಳಿಸಿದ ಡಾಕ್ಟರೆಂಬ ಹೆಸರನ್ನೂ ನಾನೇ ಹೊತ್ತು ತಿರುಗಿದೆ — ಹಲವು ವರ್ಷ.

ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಕೆಲಸ ಆಗಷ್ಟೇ ಶುರುವಾಗಿತ್ತು. ಗಂಗಾವತಿಯ ದವಾಖಾನೆಗೆ ನಾನು ಹೊಸಬ. ಹಳೆ ಬಟ್ಟೆಯ ಕೌದಿ ಹೊಲಿದು ಬದುಕುತ್ತಿದ್ದ ರಹಮತ್‌ಬಿ ಒಡೆದ ಕಂದೀಲಿನ ಗಾಜಿನಿಂದ ಬಲ ಮಣಿಕಟ್ಟು ಕೊಯ್ದುಕೊಂಡು ಬಂದಳು. ಅಲ್ಲಿ ಬೆರಳಿಗೆ ಸ್ಪರ್ಶ ತರುವ ನರ, ಸ್ನಾಯುವಿನ ಎಳೆತವನ್ನು ಅಂಗೈ, ಬೆರಳುಗಳಿಗೆ ಮುಟ್ಟಿಸುವ ಕಂಡರ — ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ. ರಕ್ತದ ನಡುವೆ ಎರಡೂ ಬಿಳಿ ಹುರಿಗಳೇ. ತುಂಡಾದ ಎರಡು ತುದಿಗಳ ಅಂಚು ಸವರಿ, ಒಂದೇ ನರವೆಂದು ಹೊಲಿದೆ. ಸವರಿದ ಚೂರುಗಳನ್ನು ಕೊಳೆಯದಂತೆ ಫಾರ್ಮಲಿನ್ನಿನಲ್ಲಿ ಹಾಕಿಟ್ಟೆ. ಯಾಕೆ? ಆಗಲೇ ಅನುಮಾನವಿತ್ತೇ — ಇರಬೇಕು.

ಗಾಯ ಮಾಯಿತು. ಬೆರಳಿಗೆ ಅರಿವು ಬರಲಿಲ್ಲ.

"ಸೂಜಿ ಹಿಡಿದೀನೋ ಬಿಟ್ಟೀನೋ, ಗೊತ್ತಾಗವಲ್ದು ಸಾಹೇಬ್ರ," ಎಂದಳು.

"ನರ ಕೂಡಾಕ ಭಾಳ ದಿನ ಬೇಕವ್ವ," ಎಂದು ಕಳಿಸಿದೆ.

ತಿಂಗಳುಗಳು ಕಳೆದವು. ಮುನಿರಾಬಾದಿನಲ್ಲಿ ಅಣೆಕಟ್ಟಿನ ಕಲ್ಲು ಪರೀಕ್ಷಿಸುತ್ತಿದ್ದ ಗೆಳೆಯನ ಬಳಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕವಿತ್ತು — ಬೆಳಕಿನ ಕಂಪನವನ್ನು ಒಂದೇ ದಿಕ್ಕಿನಲ್ಲಿ ಹಾಯಿಸುವಂಥದ್ದು. ಅದರಡಿ ನರಕ್ಕೂ ಕಂಡರಕ್ಕೂ ಬೇರೆ ಬೇರೆ ಬಣ್ಣ ಬರುತ್ತದೆಂದು ಓದಿದ್ದೆ. ಮೊದಲು ಕಸಾಯಿಯವನಿಂದ ತಂದ ಕುರಿಯ ನರ, ಕಂಡರಗಳ ತೆಳು ಸೀಳುಗಳನ್ನು ಒಂದೇ ದಿಕ್ಕಿಗೆ ಉದ್ದಕ್ಕಿಟ್ಟು ನೋಡಿದೆವು. ನರ ಹಳದಿ, ಕಂಡರ ನೀಲಿ. ಆಮೇಲೆ ರಹಮತ್‌ಬಿಯ ಚೂರುಗಳು. ಒಂದು ಹಳದಿ. ಇನ್ನೊಂದು — ಅನುಮಾನಕ್ಕೆ ಎಡೆಯೇ ಇಲ್ಲದ ನೀಲಿ.

ನರವನ್ನು ಕಂಡರಕ್ಕೆ ಹೊಲಿದಿದ್ದೆ.

ಮರುದಿನವೇ ಅವಳನ್ನು ಕರೆಸಿದೆ. ನಿಜ ಹೇಳಬೇಕೆಂದೇ ಬಾಯಿ ತೆರೆದೆ. ಬಂದ ಮಾತೇ ಬೇರೆ. "ಒಳಗ ಗಂಟು ಕಟ್ಟೈತಿ, ತೆಗಿಬೇಕು."

ಮತ್ತೆ ಕೊಯ್ದು, ನರದ ನಿಜವಾದ ತುದಿ ಹುಡುಕಿ ಕೂಡಿಸಿದೆ. ಈ ಸಲ ಅರಿವು ನಿಧಾನವಾಗಿ ಇಳಿದು ಬಂತು. ಒಂದು ದಿನ ಹೆಬ್ಬೆರಳಿಗೆ ಸೂಜಿ ಚುಚ್ಚಿದ್ದು ತಿಳಿದು, ಆ ನೋವಿಗೆ ಅವಳು ನಕ್ಕೇಬಿಟ್ಟಳು. ಊರ ತುಂಬ ನನ್ನನ್ನು ಹೊಗಳಿದಳು. ನಾನು — ಸುಮ್ಮನೆ ಕೇಳಿಸಿಕೊಂಡೆ.

ಹಲವು ವರ್ಷ ಕಳೆದ ಮೇಲೆ, ಈಚೆಗೆ ಅವಳ ಮನೆಗೆ ಹೋಗಿ ಎಲ್ಲ ಹೇಳಿದೆ. ಹೊಲಿಯುತ್ತಿದ್ದ ಕೈ ನಿಂತಿತು.

"ಆವತ್ತೇ ಹೇಳಿದ್ರ, ನಾ ಮತ್ತ ನಿಮಗ ಕೊಯ್ಯಾಕ ಕೈ ಕೊಡ್ತಿದ್ದಿಲ್ಲ ಅಂದ್ಕೊಂಡ್ರೇನ್ರಿ?"

ಹೌದೆಂದೆ. ಅವಳು ನನ್ನತ್ತ ನೋಡಲಿಲ್ಲ, ಹೋಗೆಂದೂ ಅನ್ನಲಿಲ್ಲ. ಮಗಳನ್ನು ಕೂಗಿ ಚಹಾ ಇಡಲು ಹೇಳಿದಳು.

ಮೊನ್ನೆ ದವಾಖಾನೆಯಲ್ಲಿ ಒಬ್ಬನ ಮುರಿದ ಕೈಗೆ ನಾನು ಕಟ್ಟಿದ ಪಟ್ಟಿ ಸೊಟ್ಟಗಾಗಿತ್ತು. ಬಿಚ್ಚುವ ಮೊದಲು, ಅವನ ಮುಖ ನೋಡಿ, ತಪ್ಪು ನನ್ನದೆಂದೆ.