ಲಂಡನ್ನಿಗೆ ಕಳಿಸಿದವರನ್ನು ಛತ್ರಕ್ಕೆ ವಾಪಸ್ ಕರೆತರುವ ಶಹರ್ ಬಾನು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು, ಆಮೇಲೆ ಆ ಮದುವೆ ನಿಜವಾಗಿಯೂ ಆಗಿದೆ ಎಂದು ಬ್ರಿಟನ್ ಸರ್ಕಾರವನ್ನು ನಂಬಿಸಿ ನೋಡು. ಗಾದೆಯ ಈ ಕೊನೆಯ ತುಂಡನ್ನು ಹೇಳದೆಯೇ ಹಿರಿಯರು ಹೋಗಿಬಿಟ್ಟಿದ್ದು ಅವರ ಪುಣ್ಯ. ಮುಂದೆ ಓದಲಿರುವುದು ನಡೆದ ಸಂಗತಿ. ನಂಬಿಕೆ ಬರದಿದ್ದರೆ ಶ್ರೀನಿವಾಸಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ‘ಮಿಕ್ಸಿಂಗ್ ಅಕ್ಕ’ ಎಲ್ಲಿ ಎಂದು ಕೇಳಿ. ಕತೆಯ ಜೊತೆ ಟೀಯನ್ನೂ ಅವರೇ ಕೊಡುತ್ತಾರೆ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಾವು ಹೇರಿಕೊಂಡ ಟ್ರ್ಯಾಕ್ಟರುಗಳು ಮಂಡಿಯ ಕಡೆ ಗುಡುಗುಡು ಹೊರಟಿವೆ. ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ, ನಮಾಜು ಮುಗಿಸಿ ಬಂದ ಶಹರ್ ಬಾನು ತಲೆಯ ಮೇಲಿನ ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಹೊತ್ತೇರಿದರೆ ಕರೆಂಟನ್ನು ನಂಬುವಂತಿಲ್ಲ. ಅವರ ಕೆಲಸವೆಲ್ಲ ಈ ಮುಂಜಾವದ್ದೇ. ಬೆನ್ನ ಹಿಂದೆ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ, ಎದ್ದು ಓಡಲು ತಯಾರಾದವರಂತೆ ವೆಂಕಟ್ ಕೂತಿದ್ದಾರೆ. ಅವರ ತೊಡೆಯ ಮೇಲೆ ನಾಲ್ಕು ವರ್ಷದ ಮಗಳು ಚಿನ್ನಿ ಮಲಗಿದ್ದಾಳೆ.

“ಅಣ್ಣಾ, ಹಿಂದೆ ಕೂತ್ಕೊಂಡು ಉಸ್ಸ್ ಉಸ್ಸ್ ಅನ್ಬೇಡಿ. ನನ್ ಕೈ ನಡುಗ್ತದೆ.”

“ನಾನೆಲ್ಲಿ ಅಂದೆ ಅಕ್ಕಾ?”

“ಹಂಗಾದ್ರೆ ಫ್ಯಾನ್ ಅಂದಿರ್ಬೇಕು. ಅದು ಆಫ್ ಆಗಿದೆ.”

ವೆಂಕಟ್ ನಗುವುದಿಲ್ಲ. ನಗುವುದನ್ನು ಅವರು ಬಿಟ್ಟು ಮೂರು ದಿನವಾಗಿದೆ.

ಸ್ಟುಡಿಯೋದ ಬೋರ್ಡಿನ ಮೇಲಿರುವುದು ಗಂಡ ತಾಜ್ ಪಾಷಾ ಅವರ ಹೆಸರು. ಮದುವೆಗೆ ಕ್ಯಾಮೆರಾ ಹಿಡಿದು ಹೋಗುವವರು, ಹೋಳಿಗೆ ಊಟ ಹೊಡೆಯುವವರು, ‘ಸ್ವಲ್ಪ ಸ್ಮೈಲ್ ಕೊಡಿ ಸಾರ್’ ಎನ್ನುವವರು ಅವರೇ. ಆ ಚಿತ್ರಗಳನ್ನು ಕತ್ತರಿಸಿ, ಜೋಡಿಸಿ, ಬಣ್ಣ ತಿದ್ದಿ ಆಲ್ಬಮ್ ಮಾಡುವವರು ಶಹರ್ ಬಾನು. ಅವರ ಹೆಸರು ಯಾವ ಆಲ್ಬಮ್ಮಿನ ಕೊನೆಯ ಪುಟದಲ್ಲೂ ಇಲ್ಲ. ಮುಳಬಾಗಿಲಿನಲ್ಲಿ ಹತ್ತನೇ ಕ್ಲಾಸು ಮುಗಿಸಿ ಮದುವೆಯಾಗಿ ಇಲ್ಲಿಗೆ ಬಂದಾಗ ಅವರಿಗೆ ಗೊತ್ತಿದ್ದದ್ದು ಹೊಲಿಗೆ.

“ಇವ್ರು ಕಂಪ್ಯೂಟರ್ ತಂದಿಟ್ರು, ಮುಟ್ಟೋಕೆ ಇವ್ರಿಗೇ ಭಯ. ನಾನು ಮಿಷನ್ ಮುಟ್ದವಳು, ಇದನ್ನೂ ಮುಟ್ಟಿದೆ. ಅಲ್ಲೂ ಕತ್ತರ್ಸೋದು, ಹೊಲಿಯೋದು. ಇಲ್ಲೂ ಅದೇ. ಇಲ್ಲಿ ಸೂಜಿ ಚುಚ್ಚಲ್ಲ, ಕುತ್ತಿಗೆ ಚುಚ್ತದೆ” ಎಂದು ಕತ್ತು ತಿರುಗಿಸಿ ಲಟಕ್ ಎನ್ನಿಸುತ್ತಾರೆ.

ಮದುವೆ ಕಾಲದಲ್ಲಿ ವಾರಕ್ಕೆ ಮೂರು ಆಲ್ಬಮ್. ಮಾಲೂರು, ಮುಳಬಾಗಿಲಿನ ಫೋಟೋಗ್ರಾಫರುಗಳೂ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪೆನ್‌ಡ್ರೈವ್ ಕೊಟ್ಟು ಕಳಿಸುತ್ತಾರೆ. ಕಣ್ಣು ಮುಚ್ಚಿದವರಿಗೆ ಕಣ್ಣು ತೆರೆಸುವುದು, ಮುನಿಸಿಕೊಂಡು ಗ್ರೂಪ್ ಫೋಟೋಗೆ ಬಾರದ ಅತ್ತೆಯನ್ನು ತಂದು ನಿಲ್ಲಿಸುವುದು, ಕಪ್ಪಗಿದ್ದೇನೆ ಎಂದು ಕೊರಗುವ ವರನಿಗೆ ಬೆಳಕು ಹಚ್ಚುವುದು, ಎಲ್ಲ ಇವರ ಪಾಲು; ಊರ ಬಾಯಲ್ಲಿ ಅದೇ ‘ಮಿಕ್ಸಿಂಗ್’. ಎಲ್ಲಕ್ಕಿಂತ ಹೆಚ್ಚು ಬೇಡಿಕೆ ವಿದೇಶಕ್ಕೆ. ಕಾಸಿದ್ದರೆ ಕೈಲಾಸ, ಮೌಸಿದ್ದರೆ ಪ್ಯಾರಿಸ್. ರಾಗಿ ಹೊಲದ ಪಕ್ಕದ ಛತ್ರದಲ್ಲಿ ಧಾರೆ ಎರೆಸಿಕೊಂಡ ಜೋಡಿಗಳನ್ನು ಶಹರ್ ಬಾನು ಹಿಮದ ಬೆಟ್ಟಕ್ಕೂ ಟ್ಯೂಲಿಪ್ ತೋಟಕ್ಕೂ ಹಿಂಡು ಹಿಂಡಾಗಿ ಅಟ್ಟಿದ್ದಾರೆ. ಸ್ವತಃ ಅವರು ಬೆಂಗಳೂರಿನ ಆಚೆಗೆ ಹೋದವರಲ್ಲ.

ಏಳು ವರ್ಷಗಳ ಹಿಂದೆ ಹಾಗೆ ಲಂಡನ್ನಿಗೆ ಹೋಗಿಬಂದವರಲ್ಲಿ ವೆಂಕಟ್ ಮತ್ತು ರಂಜಿತ ಕೂಡ ಇದ್ದರು. ವೆಂಕಟ್ ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ್. ರಂಜಿತ ಹುತ್ತೂರಿನ ಹುಡುಗಿ. ರೇಷ್ಮೆ ಹುಳುಗಳ ಜೊತೆಯಲ್ಲೇ ಬೆಳೆದು, ಅವುಗಳ ಮೇಲೆಯೇ ಪಿಎಚ್‌ಡಿ ಮಾಡಲು ಹೋದ ವರ್ಷ ಬ್ರಿಟನ್ನಿಗೆ ಹೋದವರು. ಗಂಡನನ್ನೂ ಮಗುವನ್ನೂ ಕರೆಸಿಕೊಳ್ಳಲು ಅವಕಾಶವಿದೆ, ಅವಲಂಬಿತರು ಎಂಬ ಲೆಕ್ಕದಲ್ಲಿ. ಮಂಡಿಯಲ್ಲಿ ವಿಷಯ ತಿಳಿದದ್ದೇ ತಡ, “ಏನ್ಲಾ ಡಿಪೆಂಡೆಂಟು, ಇವತ್ತು ಟೀ ನೀನೇ ಕುಡೀತೀಯೋ, ಹೆಂಡ್ತಿ ಪರ್ಮಿಷನ್ ಬೇಕೋ?” ಎಂದು ಶುರುವಾಯಿತು. ಅದನ್ನು ವೆಂಕಟ್ ಸಹಿಸಿಕೊಂಡರು. ಸಹಿಸಲಾಗದ್ದು ಚಿನ್ನಿಯ ಹೊಸ ಅಭ್ಯಾಸ. ಅವಳು ತಟ್ಟೆಯಲ್ಲಿನ ಮಾವಿನ ಹೋಳನ್ನು ಎತ್ತಿ ಮೊಬೈಲಿನ ಗಾಜಿಗೆ ಒತ್ತುತ್ತಾಳೆ: “ತಗೋ ಅಮ್ಮಾ, ಬಾಯಿ ತೆಗಿ.” ಆ ಕಡೆ ಅಮ್ಮ ಬಾಯಿ ತೆರೆಯುತ್ತಾಳೆ. ಆಮೇಲೆ ಫೋನು ಒರೆಸುವ ನೆಪದಲ್ಲಿ ವೆಂಕಟ್ ಹೊರಗೆ ಹೋಗುತ್ತಾರೆ.

ಮೂರು ದಿನದ ಹಿಂದೆ ಅವರು ಕಾಗದಪತ್ರಗಳ ಕಟ್ಟು ಹಿಡಿದು ಕೋಲಾರದ ವೀಸಾ ಏಜೆಂಟ್ ಗಂಗಾಧರ್ ಮುಂದೆ ಕೂತರು. ಮಗುವಿನ ಜನನ ಪತ್ರ ಸರಿಯಿತ್ತು, ಬ್ಯಾಂಕಿನದು ಸರಿಯಿತ್ತು, ಕ್ಷಯ ಇಲ್ಲ ಎಂಬ ಪರೀಕ್ಷೆಯದೂ ಸರಿಯಿತ್ತು. ಮದುವೆ ನೋಂದಣಿಯ ದಿನಾಂಕ ಮಾತ್ರ ಹೋದ ವರ್ಷದ್ದು, ಪಾಸ್‌ಪೋರ್ಟ್ ಮಾಡಿಸುವಾಗ ಎಚ್ಚರವಾಗಿ ಮಾಡಿಸಿದ್ದು. ‘ವೀಸಾಗೋಸ್ಕರ ಈಗ ಹುಟ್ಟಿಸಿದ ಮದುವೆ’ ಎಂದು ಅನುಮಾನ ಬರಬಾರದಲ್ಲ, ಹಾಗಾಗಿ ಅಂದಿನ ಫೋಟೋ ಬೇಕು ಎಂದರು ಗಂಗಾಧರ್. ವೆಂಕಟ್ ಹೆಮ್ಮೆಯಿಂದ ಆಲ್ಬಮ್ ತೆರೆದರು.

ಗಂಗಾಧರ್ ಮಾತಿಗೊಂದು ‘ಬೇಸಿಕಲಿ’ ಹಾಕದಿದ್ದರೆ ಉಸಿರು ಕಟ್ಟುವ ಪೈಕಿ. “ಬೇಸಿಕಲಿ ವೆಂಕಟ್, ಅರ್ಜೀಲಿ ಏನ್ ಬರ್ದಿದ್ದೀರ? ಇದುವರೆಗೂ ದೇಶ ಬಿಟ್ಟು ಹೋಗಿಲ್ಲ. ಇಲ್ಲಿ ಬೇಸಿಕಲಿ ಏನಿದೆ? ಪಂಚೆ ಉಟ್ಟು ಬಾಸಿಂಗ ಕಟ್ಕೊಂಡು ಲಂಡನ್ ಗಡಿಯಾರದ ಕೆಳಗೆ ನಿಂತಿದ್ದೀರ.”

“ಸಾರ್, ಅದು ಮಿಕ್ಸಿಂಗು.”

“ನಂಗೊತ್ತು ಕಣ್ರೀ, ನನ್ ಮದ್ವೆ ಆಲ್ಬಮ್ಮಲ್ಲೂ ಹಂಸ ಈಜ್ತವೆ. ಆ ಆಫೀಸರ್‌ಗೆ ಗೊತ್ತಾ? ಅವ್ನ ಊರಲ್ಲಿ ಮದ್ವೆ ಫೋಟೋದಲ್ಲಿ ಬರೀ ಮದ್ವೆ ಇರ್ತದೆ. ಇವ್ರು ಮೊದ್ಲೇ ಬಂದಿದ್ರು, ಸುಳ್ಳು ಬರ್ದಿದ್ದಾರೆ ಅಂದ್ರೆ? ಫೋಟೋನೇ ನಕಲಿ, ಮದ್ವೇನೂ ನಕಲಿ ಅಂದ್ರೆ? ಒರಿಜಿನಲ್ ತನ್ನಿ. ಸೋಮವಾರ ಬೆಂಗಳೂರಲ್ಲಿ ಬೆರಳಚ್ಚು ಕೊಡೋ ಹೊತ್ತಿಗೆ ಫೈಲ್ ಒಳಗೆ ಹೋಗಿರ್ಬೇಕು.”

ಮನೆಗೆ ಬಂದು ವೆಂಕಟ್ ಆಲ್ಬಮ್ಮಿನ ಉಳಿದ ಪುಟಗಳನ್ನೂ ತಿರುವಿದರು. ಮಾವ ರಾಮಚಂದ್ರಪ್ಪನವರು ಐಫೆಲ್ ಗೋಪುರದ ಪಕ್ಕ ಗೋಪುರದಷ್ಟೇ ಎತ್ತರಕ್ಕೆ ನಿಂತಿದ್ದಾರೆ. ವಿಡಿಯೋ ಹಾಕಿದರೆ ತಾಳಿ ಕಟ್ಟುವ ಕ್ಷಣಕ್ಕೆ ಸರಿಯಾಗಿ ಆಕಾಶದಿಂದ ಕೆಂಪು ಹೃದಯಗಳು ಉದುರುತ್ತವೆ. ನೆಂಟರ ಅಂದಿನ ಮೊಬೈಲುಗಳು ಎಂದೋ ಕೆಟ್ಟುಹೋಗಿವೆ. ತಾಯಿ ಶಾಮಲಮ್ಮನಿಗೆ ಇದೆಲ್ಲ ಅರ್ಥವಾಗದು, ಸಿಟ್ಟಿಗೆ ಮೊದಲು ತೆಲುಗೇ ಬರುತ್ತದೆ. “ಏಮಿರಾ ಇದಿ? ಊರಿಗೆ ಊರೇ ಬಂದು ಉಂಡು ಹೋಯ್ತು. ಅಷ್ಟೂ ಜನಾನ ಲಾರೀಲಿ ತುಂಬ್ಕೊಂಡು ಹೋಗಿ ಸಾಕ್ಷಿ ಹೇಳಿಸ್ಲಾ?”

ಮನೆಯಿಂದ ವೆಂಕಟ್ ನೇರ ಓಡಿ ಬಂದದ್ದು ಈ ಮೆಟ್ಟಿಲ ಕೆಳಗಿನ ಕೋಣೆಗೆ. ಮೂಲ ಚಿತ್ರಗಳಿಲ್ಲ; ಆಲ್ಬಮ್ ಕೊಟ್ಟ ಮೇಲೆ ಅಳಿಸಿ ಜಾಗ ಮಾಡಿಕೊಳ್ಳುವುದು ಇಲ್ಲಿನ ಪದ್ಧತಿ. ಅದನ್ನು ಕೇಳಿ ವೆಂಕಟ್ ಮೆಲ್ಲಗೆ ಅಂದರಂತೆ: “ಅಕ್ಕಾ, ಲಂಡನ್‌ಗೆ ಕಳ್ಸಿದ್ದು ನೀವೇ. ಆ ಗಡಿಯಾರ ಕಿತ್ತು ಛತ್ರ ಅಂಟಿಸ್ಬಿಡಿ. ನಿಮಗೆ ಟೀ ಕುಡಿಯೋಷ್ಟು ಹೊತ್ತಿನ ಕೆಲ್ಸ.”

“ನಕ್ಕೋ ಅಣ್ಣಾ,” ಅಂದರು ಶಹರ್ ಬಾನು. ಬೇಡವೇ ಬೇಡ ಎಂದು ಅರ್ಥ. “ಅವತ್ತು ಮಾಡಿದ್ದು ಅಲಂಕಾರ. ಎಲ್ರಿಗೂ ಗೊತ್ತಿದ್ದ ಸುಳ್ಳು. ಇವತ್ತು ಸರ್ಕಾರಕ್ಕೆ ಮಾಡಿದ್ರೆ ಅದು ಮೋಸ. ನಾಳೆ ಸಿಕ್ಕಿಬಿದ್ರೆ ಮಗು ಎದ್ರುಗೆ ಏನಂತ ಮುಖ ತೋರ್ಸೋದು? ಗುಜರಿ ಹುಡುಕ್ತೀನಿ, ತಡೀರಿ.”

ಗುಜರಿ ಎಂದರೆ ಅವರ ಹಳೆಯ ಡಿಸ್ಕುಗಳು. ಯಾರಿಗೂ ಬೇಡವಾದ ಚಿತ್ರಗಳನ್ನು ಮಾತ್ರ ಅವರು ಅಳಿಸುವುದಿಲ್ಲ. ಕಣ್ಣು ಮುಚ್ಚಿದ್ದು, ಕೈ ಅಡ್ಡ ಬಂದದ್ದು, ಬಾಯಲ್ಲಿ ಜಾಮೂನಿದ್ದದ್ದು, ಎಲ್ಲವನ್ನೂ ಬಿಡಿಭಾಗಗಳಂತೆ ಕೂಡಿಟ್ಟಿದ್ದಾರೆ. ಒಬ್ಬರ ಕಿವಿಯೋಲೆ ಇನ್ನೊಬ್ಬರಿಗೆ, ಈ ಮದುವೆಯ ಬಾಳೆಕಂಬ ಆ ಮದುವೆಗೆ. ಯಾವ ಡಿಸ್ಕಿನಲ್ಲಿ ಯಾರಿದ್ದಾರೆಂದು ಮೇಲೆ ಬರೆದಿಲ್ಲ. ತೆರೆದು ನೋಡುವುದೊಂದೇ ದಾರಿ. ಕೆಲವು ತೆರೆಯುವುದೂ ಇಲ್ಲ, ಕಿರ್ ಎಂದು ಕಣ್ಣು ಮುಚ್ಚುತ್ತವೆ.

ಇವತ್ತು ಶನಿವಾರ. ನಿನ್ನೆ ಸಿಕ್ಕ ಒಂದು ಚಿತ್ರದಲ್ಲಿ ಪುರೋಹಿತರ ಬೆನ್ನು ಮಾತ್ರ ಸ್ಪಷ್ಟವಾಗಿತ್ತು. ಇನ್ನೊಂದರಲ್ಲಿ ರಂಜಿತ ಇದ್ದಾರೆ, ವೆಂಕಟ್ ಜಾಗದಲ್ಲಿ ಕ್ಯಾಮೆರಾ ಲೈಟಿನ ಬಿಳುಪು. ಈಗ ಕೊನೆಯ ಡಿಸ್ಕು ಅಳುತ್ತ ಅಳುತ್ತ ಸುತ್ತುತ್ತಿದೆ. ಶಹರ್ ಬಾನು ತುಟಿಯಲ್ಲೇ ಏನೋ ಪಠಿಸುತ್ತಿದ್ದಾರೆ. ತಪ್ಪು ತಮ್ಮದೆಂದು ಅವರಿಗೆ ಯಾರೂ ಹೇಳಿಲ್ಲ. ಮೂರು ದಿನದಿಂದ ತಾವೇ ಹೇಳಿಕೊಳ್ಳುತ್ತಿದ್ದಾರೆ. “ಆ ಹಾಳು ಗಡಿಯಾರ ನಾನೇ ಆರಿಸಿದ್ದು. ಈ ಅಣ್ಣ ಕೇಳಿದ್ದು ಬೃಂದಾವನ.”

ತಟ್ಟನೆ ಅವರ ಕೈ ನಿಲ್ಲುತ್ತದೆ. “ಅಣ್ಣಾ… ಒಂದಿದೆ. ನೀವು ಬೈಬಾರ್ದು.”

ಮುಹೂರ್ತದ ಸಂಜೆಯ ನಲುಗಿನ ಚಿತ್ರ. ಗಂಡು ಹೆಣ್ಣನ್ನು ಎದುರುಬದುರು ಕೂರಿಸಿ, ಅರಿಶಿನ ಹಚ್ಚಿಸಿ, ಹೂವು ಮುಡಿಸಿ, ಹೆಸರು ಹೇಳಿಸಿ ಗೋಳು ಹೊಯ್ದುಕೊಳ್ಳುವ ಶಾಸ್ತ್ರ ಅದು. ಆ ಸಂಜೆ ಹೆಣ್ಣಿನ ಕಡೆಯವರು ಸೀರೆ ಉಡಿಸಿ, ಮುಸುಕು ಹಾಕಿ ಕೂರಿಸಿದ್ದು ರಂಜಿತಳನ್ನಲ್ಲ, ಅವಳ ತಮ್ಮ ಅರುಣ್‌ಕುಮಾರನನ್ನು. ವೆಂಕಟ್ ನಾಚಿಕೊಂಡು ಅವನ ಪಾದಕ್ಕೆ ಅರಿಶಿನ ಹಚ್ಚಿ, ಮಲ್ಲಿಗೆ ಮುಡಿಸಿ, ‘ರಂಜಿತ’ ಎಂದು ಮೆಲುದನಿಯಲ್ಲಿ ಉಸುರಿದಾಗ ಮುಸುಕು ಎತ್ತಿದರು. ಒಳಗೆ ಮೀಸೆ. ಛತ್ರವೇ ಬಿದ್ದು ಬಿದ್ದು ನಕ್ಕಿತು. ವರ ಮಾತ್ರ ಊಟ ಬಿಟ್ಟು ಎದ್ದುಹೋದರು. ತಾಜ್ ಪಾಷಾಗೆ ಕಟ್ಟಪ್ಪಣೆಯಾಯಿತು: ಒಂದೂ ಉಳಿಯಕೂಡದು. ಏಳು ವರ್ಷ ಆ ಮನೆಯಲ್ಲಿ ಅದರ ಮಾತೆತ್ತುವ ಧೈರ್ಯ ಯಾರಿಗೂ ಬಂದಿಲ್ಲ.

ಚಿತ್ರದಲ್ಲಿ ಬಾಯಿ ತೆರೆದ ವೆಂಕಟ್. ಹಿಂದೆ, ಅಮ್ಮನ ಹೆಗಲಿಗೆ ಒರಗಿ ನಕ್ಕು ಸುಸ್ತಾದ ನಿಜವಾದ ರಂಜಿತ, ಕೊರಳಲ್ಲಿ ಹೊಸ ತಾಳಿ. ಎರಡೂ ಕಡೆಯ ತಂದೆತಾಯಿ. ಗೋಡೆಯ ಮೇಲೆ ಥರ್ಮಾಕೋಲಿನ ಅಕ್ಷರದಲ್ಲಿ ಇಬ್ಬರ ಹೆಸರು, ದಿನಾಂಕ, ಛತ್ರದ ಬೋರ್ಡು. ಗಡಿಯಾರವಿಲ್ಲ, ಗೋಪುರವಿಲ್ಲ.

ವೆಂಕಟ್ ಪರದೆಯನ್ನೇ ದಿಟ್ಟಿಸುತ್ತಾರೆ. ಶಹರ್ ಬಾನು ಮೌಸ್ ಬಿಟ್ಟು ಕೈ ಹಿಂದೆಳೆದುಕೊಳ್ಳುತ್ತಾರೆ. ಕೊನೆಗೆ ವೆಂಕಟ್ ಪರದೆಯ ಕಡೆ ಬಾಗಿ, “ಕೆಳಗೆ ಯಾರ್ ಯಾರು ಅಂತ ಬರೀಬೇಕಂತೆ. ಬರೀರಿ ಅಕ್ಕಾ. ಎಡಗಡೆ, ಅರ್ಜಿದಾರ. ಹಿಂದ್ಗಡೆ ನಗ್ತಾ ಇರೋದು, ಅರ್ಜಿದಾರನ ಹೆಂಡ್ತಿ. ಅರ್ಜಿದಾರನ ಎದ್ರುಗೆ ಕಂಚಿ ಸೀರೆ ಉಟ್ಟು ಕೂತಿರೋದು…” ಎನ್ನುತ್ತ ತಡವರಿಸುತ್ತಾರೆ. “ಹೆಂಡ್ತಿ ಅಲ್ಲ, ದಯವಿಟ್ಟು ಗಮನಿಸಿ, ಬಾಮೈದ.” ಅಲ್ಲಿಗೆ ಅವರ ದನಿ ನಡುಗುತ್ತದೆ. ಅಳು ಎಂದುಕೊಂಡು ಶಹರ್ ಬಾನು ತಿರುಗಿದರೆ ಅದು ಅಳುವಲ್ಲ.

ಫೈಲು ಅಂದೇ ಹೋಯಿತು. ವೀಸಾ ಬರುವವರೆಗಿನ ಮೂರು ವಾರ ಶಹರ್ ಬಾನು ಯಾವ ಜೋಡಿಯನ್ನೂ ಸಮುದ್ರ ದಾಟಿಸಲಿಲ್ಲ. ಈಗ ಹೊಸ ನಿಯಮ ಮಾಡಿದ್ದಾರೆ: “ಎಷ್ಟು ದೇಶ ಬೇಕೋ ಸುತ್ತಿ. ಹತ್ತು ಫೋಟೋ ಮಾತ್ರ ನಾನು ಮುಟ್ಟಲ್ಲ, ಹಂಗೇ ಕೊಡ್ತೀನಿ. ಯಾರ್ಗೆ ಯಾವತ್ತು ನಿಜ ಬೇಕಾಗ್ತದೋ ಗೊತ್ತಿಲ್ಲ.”

ಪಾಸ್‌ಪೋರ್ಟ್ ಕೈಗೆ ಬಂದ ದಿನ ವೆಂಕಟ್ ಒಂದು ಪುಟ್ಟಿ ಬಾದಾಮಿ ಮಾವು ಹೊತ್ತು ಸ್ಟುಡಿಯೋಗೆ ಬರುತ್ತಾರೆ, ಜೊತೆಯಲ್ಲಿ ಅರುಣ್‌ಕುಮಾರನನ್ನೂ ಎಳೆದುಕೊಂಡು. ಆ ಚಿತ್ರವನ್ನು ಗೋಡೆಯಗಲ ದೊಡ್ಡದು ಮಾಡಿಸಿ ಲ್ಯಾಮಿನೇಷನ್ ಹಾಕಿಸಬೇಕು, ಬ್ರಿಟನ್ನಿನ ಮನೆಗೊಂದು, ಇಲ್ಲಿಗೊಂದು.

ಅರುಣ್‌ಕುಮಾರ್ ಮುಖ ಬಿಳಚಿಕೊಳ್ಳುತ್ತದೆ. “ಬಾವಾ, ಬೇಡ ಬಾವಾ, ಕೈ ಮುಗೀತೀನಿ. ಮುಂದಿನ ವಾರ ಮಾಲೂರಿಂದ ಹೆಣ್ಣಿನ ಕಡೆಯವ್ರು ನನ್ನ ನೋಡೋಕೆ ಬರ್ತಿದ್ದಾರೆ.”

“ನೋಡ್ಲಿ ಬಿಡೋ,” ಎನ್ನುತ್ತಾರೆ ಶಹರ್ ಬಾನು, ಚಿತ್ರದ ಬಣ್ಣ ತಿದ್ದುತ್ತ. “ಸೀರೆ ನಿಂಗೆ ಚೆನ್ನಾಗೇ ಒಪ್ತದೆ.”

ತಾಜ್ ಪಾಷಾ ಕ್ಯಾಮೆರಾ ಕೆಳಗಿಟ್ಟು ನಗುತ್ತಾರೆ. ಏನೂ ತಿಳಿಯದ ಚಿನ್ನಿ ಚಪ್ಪಾಳೆ ತಟ್ಟಿ ನಗುತ್ತಾಳೆ. ಅವರೆಲ್ಲರ ನಗುವನ್ನು ಮುಳುಗಿಸಿ, ಬಸ್ ನಿಲ್ದಾಣದವರು ಇತ್ತ ತಿರುಗಿ ನೋಡುವಂತೆ, ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿರುವವರು ವೆಂಕಟ್.